ಜಾತಿ ಎಣಿಸಿದ ರಾಜ, ಎಣಿಸಬೇಡವೆಂದ ದಿವಾನ



2025ರ ಸೆಪ್ಟೆಂಬರ್ ತಿಂಗಳಲ್ಲಿ ಹಿಂದುಳಿದ ವರ್ಗಗಳ ಆಯೋಗದ ಗಣತಿದಾರರು 60 ಪ್ರಶ್ನೆಗಳೊಡನೆ ಮನೆಮನೆಗೆ ಬಂದದ್ದು ನಿಮಗೆ ನೆನಪಿರಬಹುದು. ಧರ್ಮದ ಕಾಲಂನಲ್ಲಿ ಕ್ರೈಸ್ತ ಎಂದು ಬರೆಸಿದ ಮೇಲೆ ಜಾತಿಯ ಕಾಲಂನಲ್ಲಿ ಏನು ಬರೆಸುವುದು ಎಂಬ ಪ್ರಶ್ನೆ ನಮ್ಮ ಎಷ್ಟೋ ಮನೆಗಳಲ್ಲಿ ಎದ್ದಿತು. ಜಾತಿಯ ಹೆಸರಿನ ಜೊತೆ ಕ್ರೈಸ್ತ ಎಂಬ ಮಾತು ಸೇರಿಸಿದ ಹೆಸರುಗಳು ಪಟ್ಟಿಯಲ್ಲಿ ಇರಬೇಕೇ, ಬೇಡವೇ ಎಂದು ಪತ್ರಿಕೆಗಳಲ್ಲಿ, ರಾಜಕೀಯ ವೇದಿಕೆಗಳಲ್ಲಿ ದೊಡ್ಡ ವಾದವೇ ನಡೆಯಿತು. ಕ್ರಿಸ್ತರಲ್ಲಿ ಒಂದಾದವರಿಗೆ ಜಾತಿ ಯಾಕೆ ಎಂದವರು ಕೆಲವರು. ಜಾತಿಯ ಕಾರಣಕ್ಕೆ ಪೆಟ್ಟು ತಿಂದವನು ಜಾತಿಯನ್ನು ಹೇಳದೆ ಪರಿಹಾರ ಕೇಳುವುದು ಹೇಗೆ ಎಂದವರು ಕೆಲವರು.

ಈ ಜಗಳ ನಿನ್ನೆ ಮೊನ್ನೆಯದಲ್ಲ. ನೂರು ವರ್ಷಕ್ಕೂ ಹಿಂದೆ ಇದೇ ಮಾತಿನ ಮೇಲೆ ಮೈಸೂರಿನ ಒಬ್ಬ ಒಳ್ಳೆಯ ರಾಜ ಮತ್ತು ಒಬ್ಬ ದೊಡ್ಡ ದಿವಾನ ಬೇರೆಯಾದರು. ನಮ್ಮ ಜಡಿಗೇನಹಳ್ಳಿ, ಹೊಸಕೋಟೆ ಸೀಮೆಯ ಹಿರಿಯರು ರಾಗಿ ಬೆಳೆದು ಕಂದಾಯ ಕಟ್ಟಿದ್ದು ಆ ರಾಜನ ಸರ್ಕಾರಕ್ಕೇ. ಆತ ನಾಲ್ವಡಿ ಕೃಷ್ಣರಾಜ ಒಡೆಯರ್. ಅವರ ಬಾಳನ್ನು ಈ ವಾರ ನಿಮ್ಮೊಡನೆ ಸ್ವಲ್ಪ ನಿಧಾನವಾಗಿ ನೋಡೋಣ ಎನ್ನಿಸಿತು.

ಕೃಷ್ಣರಾಜರು ಹುಟ್ಟಿದ್ದು 1884ರ ಜೂನ್ 4ರಂದು. ಹತ್ತು ವರ್ಷದ ಹುಡುಗನಾಗಿದ್ದಾಗಲೇ, 1894ರ ಡಿಸೆಂಬರಿನಲ್ಲಿ, ತಂದೆ ಚಾಮರಾಜೇಂದ್ರ ಒಡೆಯರ್ ಕಲ್ಕತ್ತೆಯಲ್ಲಿ ತೀರಿಕೊಂಡರು. ಅರಮನೆಯಲ್ಲಿ ಹುಟ್ಟಿದರೇನು, ತಂದೆಯಿಲ್ಲದ ಮಗು ತಂದೆಯಿಲ್ಲದ ಮಗುವೇ. ತಾಯಿ ಕೆಂಪನಂಜಮ್ಮಣ್ಣಿಯವರು, ವಾಣಿವಿಲಾಸ ಸನ್ನಿಧಾನವೆಂದು ನಾಡು ಗೌರವದಿಂದ ಕರೆದ ಆ ಮಹಾತಾಯಿ, ಮಗ ದೊಡ್ಡವನಾಗುವ ತನಕ ರಾಜ್ಯಭಾರದ ಹೊಣೆ ಹೊತ್ತರು. ಚಿಕ್ಕ ವಯಸ್ಸಿನಲ್ಲೇ ವಿಧವೆಯಾದ ಹೆಣ್ಣುಮಗಳು ಪರದೆಯ ಹಿಂದಿದ್ದುಕೊಂಡೇ ಒಂದು ರಾಜ್ಯವನ್ನು ಏಳು ವರ್ಷಕ್ಕೂ ಮೀರಿ ನಡೆಸಿದ್ದು ಸಣ್ಣ ಮಾತಲ್ಲ. ಅವರ ಬಗ್ಗೆಯೇ ಬೇರೆ ಒಂದು ಲೇಖನ ಬೇಕು.

ಹುಡುಗನಿಗೆ ಪಾಠ ಹೇಳಲು ಸ್ಟುವರ್ಟ್ ಫ್ರೇಸರ್ ಎಂಬ ಇಂಗ್ಲಿಷ್ ಅಧಿಕಾರಿಯನ್ನು ನೇಮಿಸಿದರು. ಒಬ್ಬನೇ ಕೂತು ಓದಿದರೆ ಮಗು ಬೆಳೆಯುವುದಿಲ್ಲವೆಂದು ಜೊತೆಗೆ ಬೇರೆ ಹುಡುಗರನ್ನೂ ಸೇರಿಸಿದರು. ಆ ಹುಡುಗರಲ್ಲಿ ಒಬ್ಬ ಮಿರ್ಜಾ ಇಸ್ಮಾಯಿಲ್. ಪರ್ಷಿಯಾದಿಂದ ಬಂದು ಬೆಂಗಳೂರಿನಲ್ಲಿ ನೆಲೆನಿಂತ ಕುದುರೆ ವ್ಯಾಪಾರಿ ಅಲಿ ಅಸ್ಕರ್ ಅವರ ಮೊಮ್ಮಗ. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1902ರ ಆಗಸ್ಟ್ 8ರಂದು, ಹದಿನೆಂಟು ತುಂಬಿದ ಕೃಷ್ಣರಾಜರಿಗೆ ವೈಸರಾಯ್ ಕರ್ಜನ್ ಅಧಿಕಾರ ವಹಿಸಿಕೊಟ್ಟರು. ಅದೇ ವರ್ಷ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಹೊತ್ತಿದವು. ಟಾಟಾ ಇನ್‌ಸ್ಟಿಟ್ಯೂಟಿಗೆ 371 ಎಕರೆ ಜಮೀನು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, ಕನ್ನಂಬಾಡಿ ಕಟ್ಟೆ ಇವೆಲ್ಲ ನಿಮಗೆ ಶಾಲೆಯ ಪಾಠದಿಂದಲೇ ಗೊತ್ತು. ರಾಜರು ಮಿತಭಾಷಿಗಳು, ನಾಚಿಕೆಯ ಸ್ವಭಾವದವರು. ವೀಣೆ, ಪಿಟೀಲು ಮಾತ್ರವಲ್ಲದೆ ಪಿಯಾನೋ ಕೂಡ ನುಡಿಸುತ್ತಿದ್ದರು. ಕಾಠಿಯಾವಾಡದ ರಾಜಕುಮಾರಿಯನ್ನು ಮದುವೆಯಾಗಿದ್ದರು, ಮಕ್ಕಳಾಗಲಿಲ್ಲ. ಪೂಜೆ, ವ್ರತ, ಯಾತ್ರೆಗಳಲ್ಲಿ ಮುಳುಗಿರುತ್ತಿದ್ದ ಅವರು ಕೈಲಾಸ ಮಾನಸ ಸರೋವರದ ತನಕ ಹೋಗಿ ಬಂದವರು. ಇಂಥ ಸಂಪ್ರದಾಯಸ್ಥ ಹಿಂದೂ ರಾಜನೇ ಜಾತಿಯ ವಿಷಯದಲ್ಲಿ ಅಂದಿನ ವಿದ್ಯಾವಂತರಿಗೆ ಹಿಡಿಸದ ಹೆಜ್ಜೆ ಇಟ್ಟದ್ದು ನಮಗೆ ಆಶ್ಚರ್ಯ ತರುತ್ತದೆ.

ಈಗ ದಿವಾನರ ಕಡೆ ತಿರುಗೋಣ. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ನಮ್ಮ ಕಡೆಯವರೇ. ಅವರ ಮುದ್ದೇನಹಳ್ಳಿ ನಂದಿ ಬೆಟ್ಟದ ಆಚೆ ಮಗ್ಗುಲಿಗಿದೆ. ಹದಿಹರೆಯದಲ್ಲೇ ತಂದೆ ಹೋದರು. ಬೆಂಗಳೂರಿನಲ್ಲಿ ಒಂದು ಮನೆಯ ಮಕ್ಕಳಿಗೆ ಪಾಠ ಹೇಳಿ ಆ ಆಶ್ರಯದಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. 1881ರಲ್ಲಿ ಪದವಿ ಪಡೆದರು. ಮೈಸೂರು ಸರ್ಕಾರದ ವಿದ್ಯಾರ್ಥಿ ವೇತನದಿಂದ ಪುಣೆಗೆ ಹೋಗಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾದರು. 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್, 1912ರಲ್ಲಿ ದಿವಾನ. ಅವರ ಕಾಲದಲ್ಲಿ ರಾಜ್ಯದ ಶಾಲೆಗಳ ಸಂಖ್ಯೆ ಎರಡು ಪಟ್ಟಿಗೂ ಹೆಚ್ಚಾಯಿತು. 1913ರಲ್ಲೇ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡುವ ಕಾನೂನು ಬಂತು. ಬಡತನದಿಂದ ಬುದ್ಧಿಯೊಂದನ್ನೇ ಹಿಡಿದು ಮೇಲೆ ಬಂದ ಮನುಷ್ಯ ಅವರು. ಆದ್ದರಿಂದ ಮನುಷ್ಯನನ್ನು ಅಳೆಯಲು ಯೋಗ್ಯತೆಗಿಂತ ಬೇರೆ ಅಳತೆಗೋಲು ಬೇಡವೆಂದು ಅವರು ಮನಸಾರೆ ನಂಬಿದ್ದರು. ಅವರನ್ನು ಜಾತಿವಾದಿ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರಿದ್ದಾರೆ. ಅದು ನ್ಯಾಯವಲ್ಲ.

ಆದರೆ ಅಂದಿನ ಕಚೇರಿಗಳು ಹೇಗಿದ್ದವು ನೋಡಿ. ಮೈಸೂರು ರಾಜ್ಯದ ಜನಸಂಖ್ಯೆಯಲ್ಲಿ ಬ್ರಾಹ್ಮಣರು ನೂರಕ್ಕೆ ನಾಲ್ಕು ಮಂದಿಯೂ ಇರಲಿಲ್ಲ. 1918ರ ಹೊತ್ತಿಗೆ ಗೆಜೆಟೆಡ್ ಹುದ್ದೆಗಳಲ್ಲಿ ಮೂರರಲ್ಲಿ ಸುಮಾರು ಎರಡು ಪಾಲು ಅವರ ಕೈಯಲ್ಲಿತ್ತು. ಇದನ್ನು ಯಾರೂ ಕದ್ದು ಮಾಡಿದ್ದಲ್ಲ. ಪರೀಕ್ಷೆ ಬರೆದು ಗೆದ್ದವರೇ ಬಹಳ ಮಂದಿ. ಪರೀಕ್ಷೆಯ ಕಾಗದ ಯಾರ ಜಾತಿಯನ್ನೂ ಕೇಳುವುದಿಲ್ಲ. ಆದರೆ ತಲೆತಲಾಂತರದಿಂದ ಅಕ್ಷರ ಬಂದ ಮನೆಯ ಹುಡುಗನೂ, ದನ ಕಾಯ್ದು, ಹೊಲ ಉತ್ತು, ಮನೆಯಲ್ಲಿ ಒಂದು ಪುಸ್ತಕವನ್ನೂ ಕಾಣದ ಹುಡುಗನೂ ಒಂದೇ ಬೆಂಚಿನ ಮೇಲೆ ಕೂತರೆ ಗೆಲ್ಲುವವನು ಯಾರು? ಹೊಲೆಗೇರಿಯ ಹುಡುಗನಿಗಂತೂ ಆ ಬೆಂಚೇ ಇರಲಿಲ್ಲ.

ಇಲ್ಲಿ ಒಂದು ತಮಾಷೆಯ ಸಂಗತಿ ಇದೆ. ಅದಕ್ಕೂ ಮೊದಲು, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಿಂದ, ಮದರಾಸಿನಿಂದ ಬಂದವರೇ ಮೈಸೂರಿನ ದೊಡ್ಡ ಹುದ್ದೆಗಳನ್ನೆಲ್ಲ ಹಿಡಿದಿದ್ದಾರೆಂದು ಇಲ್ಲಿನ ವಿದ್ಯಾವಂತರು ಬಹಳ ನೊಂದಿದ್ದರು. ಮೈಸೂರು ಮೈಸೂರಿನವರಿಗೆ ಎಂಬ ಕೂಗು ಎದ್ದಿತ್ತು. ಹಾಗೆ ಕೂಗಿದವರಲ್ಲಿ ಬಹುಮಂದಿ ಮೈಸೂರಿನ ಬ್ರಾಹ್ಮಣರು. ಯಾವ ಊರಿನಲ್ಲಿ ಹುಟ್ಟಿದೆ ಎಂದು ನೋಡುವುದು ನ್ಯಾಯವಾದರೆ ಯಾವ ಕೇರಿಯಲ್ಲಿ ಹುಟ್ಟಿದೆ ಎಂದು ನೋಡುವುದು ಅನ್ಯಾಯ ಹೇಗಾಯಿತು? ಇದಕ್ಕೆ ಅಂದೂ ಸರಿಯಾದ ಉತ್ತರ ಬಂದಂತೆ ಕಾಣೆ, ಇಂದೂ ಇಲ್ಲ.

1917ರಲ್ಲಿ ಲಿಂಗಾಯತ, ಒಕ್ಕಲಿಗ, ಮುಸ್ಲಿಂ ಮುಖಂಡರು ಸೇರಿ ಪ್ರಜಾಮಿತ್ರ ಮಂಡಳಿ ಎಂಬ ಸಂಘ ಕಟ್ಟಿದರು. ಮರುವರ್ಷ ಅವರ ನಿಯೋಗ ರಾಜರನ್ನು ಕಂಡು ಸರ್ಕಾರಿ ಕೆಲಸಗಳಲ್ಲಿ ತಮಗೂ ಪಾಲು ಬೇಕೆಂದು ಕೇಳಿತು. ರಾಜರು ಕೂಡಲೇ ಹೂಂ ಎನ್ನಲಿಲ್ಲ, ಬೇಡವೆಂದೂ ಹೇಳಲಿಲ್ಲ. ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ 1918ರಲ್ಲಿ ಒಂದು ಸಮಿತಿ ನೇಮಿಸಿದರು. ಬ್ರಾಹ್ಮಣರೂ ಬ್ರಾಹ್ಮಣೇತರರೂ ಅಲ್ಲದ ಒಬ್ಬ ಇಂಗ್ಲಿಷರವನನ್ನು ಆರಿಸಿದ್ದರಲ್ಲಿ ಅವರ ಎಚ್ಚರ ಕಾಣುತ್ತದೆ.

ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಹಿಂದುಳಿದವರಿಗೆ ಶಾಲೆ ಕೊಡೋಣ, ವಿದ್ಯಾರ್ಥಿ ವೇತನ ಕೊಡೋಣ, ಓದಿ ಬಂದವರಿಗೆ ಹುದ್ದೆ ತಾನಾಗಿ ಬರುತ್ತದೆ. ಹುದ್ದೆಯನ್ನೇ ಜಾತಿ ನೋಡಿ ಹಂಚಿದರೆ ಆಡಳಿತ ಕೆಡುತ್ತದೆ ಎಂಬುದು ಅವರ ನಿಲುವು. ರಾಜರಿಗೆ ಅವರ ಮೇಲೆ ಅಪಾರ ಗೌರವ. ಅವರಿಗೂ ರಾಜರ ಮೇಲೆ ಅಷ್ಟೇ ವಿಶ್ವಾಸ. ಆದರೂ ಒಬ್ಬರು ಇನ್ನೊಬ್ಬರಿಗಾಗಿ ತಮ್ಮ ಮನಸ್ಸಾಕ್ಷಿಯನ್ನು ಬಿಟ್ಟುಕೊಡಲಿಲ್ಲ. 1918ರ ಕೊನೆಯಲ್ಲಿ ವಿಶ್ವೇಶ್ವರಯ್ಯನವರು ದಿವಾನಗಿರಿಯಿಂದ ಹೊರಬಂದರು. ರಾಜರ ಸೋದರಮಾವ ಕಾಂತರಾಜ ಅರಸರು ಆ ಸ್ಥಾನಕ್ಕೆ ಬಂದರು.

ಮಿಲ್ಲರ್ ಸಮಿತಿ 1919ರಲ್ಲಿ ವರದಿ ಕೊಟ್ಟಿತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡರಷ್ಟು ಬ್ರಾಹ್ಮಣೇತರರಿಗೆ ಸಿಗಬೇಕು. ಅಸ್ಪೃಶ್ಯರೆನಿಸಿಕೊಂಡವರಲ್ಲಿ ಅರ್ಹರು ಸಿಕ್ಕಿದರೆ ಅವರಿಗೆ ಮೊದಲ ಆದ್ಯತೆ ಕೊಡಬೇಕು ಎಂಬುದು ಅದರ ಸಾರ. 1921ರಲ್ಲಿ ಸರ್ಕಾರದ ಆದೇಶ ಹೊರಟಿತು. ಇದು ಪೂರಾ ಹೊಸದೇನೂ ಅಲ್ಲ. 1874ರಷ್ಟು ಹಿಂದೆಯೇ ಮೈಸೂರಿನ ಪೊಲೀಸ್ ಇಲಾಖೆಯ ಕೆಲಸಗಳಲ್ಲಿ ಬ್ರಾಹ್ಮಣೇತರ ಹಿಂದೂಗಳು, ಮುಸಲ್ಮಾನರು, ನಾಡಿನ ಕ್ರೈಸ್ತರು ಇವರಿಗೆ ಪಾಲು ಇಟ್ಟಿದ್ದರು. ಆದರೆ ಇಡೀ ಆಡಳಿತಕ್ಕೆ ಅನ್ವಯಿಸಿದ್ದು ನಾಲ್ವಡಿಯವರು.

ಓದುಗರೇ, ಇಲ್ಲಿ ನಾವು ನಿಂತು ಯೋಚಿಸಬೇಕು. ಜಾತಿಯನ್ನು ನೋಡದಿರುವುದು ದೊಡ್ಡ ಗುಣವಲ್ಲವೇ? ಹೌದು. ನಮ್ಮ ಕಡೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡುವುದನ್ನು ನೀವು ನೋಡಿದ್ದೀರಿ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ, ಪಾತ್ರಕ್ಕೆ ಇಷ್ಟು ಹಣ ಎಂದು ನಿಗದಿಯಾಗುತ್ತದೆ. ಕಂಠ ಚೆನ್ನಾಗಿದ್ದವನಿಗೆ ಕೃಷ್ಣ, ಆಳು ಗಟ್ಟಿಯಾಗಿದ್ದವನಿಗೆ ದುರ್ಯೋಧನ ಎಂದು ಹಂಚಿದರೆ ಅದು ಸರಿ. ಆದರೆ ಊರಿನ ಒಂದು ಕೇರಿಯವರಿಗೆ ವರ್ಷಗಟ್ಟಲೆ ಬರಿಯ ದೂತನ ಪಾತ್ರವೇ ಸಿಗುತ್ತಿದ್ದರೆ, ಅಥವಾ ಅವರು ಅಭ್ಯಾಸದ ಮನೆಯ ಹೊಸಿಲನ್ನೇ ದಾಟದಿದ್ದರೆ? ಆಗ ಯಾರಾದರೂ ಎದ್ದು ನಿಂತು ಎಣಿಸಲೇಬೇಕು. ಎಣಿಸಿದವನನ್ನು ಜಾತಿ ತಂದವನು ಎಂದು ದೂರುವುದು ಸುಲಭ.

ಅಮೆರಿಕದ ರಂಗಭೂಮಿಯಲ್ಲಿಯೂ ಇದೇ ಜಗಳ. ಮೈಬಣ್ಣ ನೋಡದೆ ಪಾತ್ರ ಕೊಡುವುದೇ ನ್ಯಾಯವೆಂದು ಬಹಳ ಮಂದಿ ಹೇಳುತ್ತಿದ್ದಾಗ, ಆಗಸ್ಟ್ ವಿಲ್ಸನ್ ಎಂಬ ಕಪ್ಪು ಜನರ ಹೆಸರಾಂತ ನಾಟಕಕಾರರು 1996ರಲ್ಲಿ ಅದನ್ನು ಬಲವಾಗಿ ವಿರೋಧಿಸಿದರು. ಬಿಳಿಯರ ಪಾತ್ರದ ವೇಷ ನಮಗೆ ಬೇಡ, ನಮ್ಮ ಬಾಳನ್ನು ನಾವೇ ಆಡಿ ತೋರಿಸಲು ನಮ್ಮದೇ ರಂಗಮಂದಿರ ಬೇಕು ಎಂಬುದು ಅವರ ವಾದ. ಮರುವರ್ಷ ನ್ಯೂಯಾರ್ಕಿನಲ್ಲಿ ವಿಮರ್ಶಕ ರಾಬರ್ಟ್ ಬ್ರುಸ್ಟೀನ್ ಅವರೊಡನೆ ತುಂಬಿದ ಸಭೆಯಲ್ಲಿ ವಾದಕ್ಕಿಳಿದರು. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಕಾಲೇಜಿಗೆ ಮಕ್ಕಳನ್ನು ಸೇರಿಸಿಕೊಳ್ಳುವಾಗ ಜನಾಂಗ ನೋಡುವುದು ಕೂಡದೆಂದು ತೀರ್ಪು ಕೊಟ್ಟಿತು. ನಮ್ಮ ದಿವಾನರ ನಿಲುವಿಗೆ ಹತ್ತಿರದ ತೀರ್ಪು ಅದು.

ನಾಲ್ವಡಿಯವರ ಬಾಳಿನಲ್ಲಿ ನನಗೆ ಬಹಳ ಹಿಡಿಸಿದ ಸಂಗತಿಯೆಂದರೆ ಅವರು ಜಾತಿಧರ್ಮ ನೋಡಿದ್ದೂ ಉಂಟು, ನೋಡದೆ ಇದ್ದದ್ದೂ ಉಂಟು. 1926ರಲ್ಲಿ ದಿವಾನರನ್ನು ಆರಿಸುವ ಸಮಯ ಬಂದಾಗ ತಮ್ಮ ಹಳೆಯ ಸಹಪಾಠಿ ಮಿರ್ಜಾ ಇಸ್ಮಾಯಿಲರನ್ನು ಆರಿಸಿದರು. ಮುಸಲ್ಮಾನನೆಂದು ಆರಿಸಲಿಲ್ಲ, ಮುಸಲ್ಮಾನನೆಂದು ಬಿಡಲೂ ಇಲ್ಲ. ಅರಮನೆಯಲ್ಲಿ ಹುಜೂರ್ ಕಾರ್ಯದರ್ಶಿಯಾಗಿ ಅವರ ಬಳಿ ದುಡಿದವರು ತಂಬು ಚೆಟ್ಟಿಯವರು, ನಮ್ಮ ಕ್ಯಾಥೋಲಿಕ್ ವಿಶ್ವಾಸಿ. 1926ರಲ್ಲಿ ಸಂತ ಫಿಲೋಮಿನಾ ಅವರ ಪವಿತ್ರ ಅವಶೇಷವನ್ನು ಮೈಸೂರಿಗೆ ತರಿಸಿದವರು ಇವರೇ. 1933ರ ಅಕ್ಟೋಬರ್ 28ರಂದು ಮೈಸೂರಿನ ಆ ದೊಡ್ಡ ದೇವಾಲಯಕ್ಕೆ ಅಡಿಗಲ್ಲು ಇಟ್ಟವರು ಸ್ವತಃ ಮಹಾರಾಜರು. ಮುಂದಿನ ಸಲ ನೀವು ಅಲ್ಲಿಗೆ ಹೋದಾಗ ಅದನ್ನು ನೆನೆಯಿರಿ.

ಕಣ್ಣೆದುರು ಬೆಳೆದ ಗೆಳೆಯನ ಧರ್ಮವನ್ನು ಕೇಳುವ ಅಗತ್ಯ ರಾಜರಿಗೆ ಇರಲಿಲ್ಲ, ಆ ಮನುಷ್ಯ ಯಾರೆಂದು ಅವರಿಗೆ ಗೊತ್ತಿತ್ತು. ಆದರೆ ಹಳ್ಳಿಹಳ್ಳಿಯ ಲಕ್ಷಾಂತರ ಮಕ್ಕಳನ್ನು ಒಬ್ಬ ರಾಜ ಹಾಗೆ ಒಬ್ಬೊಬ್ಬರಾಗಿ ತಿಳಿಯಲಾರ. ಅಲ್ಲಿ ಎಣಿಕೆಯೇ ಅವನ ಕಣ್ಣು. ನನಗೆ ತೋರುವಂತೆ ರಾಜರ ಎರಡು ನಡತೆಗಳಿಗೂ ವಿರೋಧವಿಲ್ಲ.

ಹಾಗೆಂದು ಅವರನ್ನು ಸಂತನ ಪೀಠದಲ್ಲಿ ಕೂರಿಸಬೇಕಾಗಿಲ್ಲ. ಸಮಿತಿ ಕೊಡಬೇಕೆಂದ ಮೊದಲ ಆದ್ಯತೆ ಕಾಗದದಲ್ಲೇ ಬಹುಪಾಲು ಉಳಿಯಿತು. ಮುಂದುವರಿದ ಒಕ್ಕಲು ಜಾತಿಗಳಿಗೆ ಲಾಭವಾದಷ್ಟು ಅಸ್ಪೃಶ್ಯರಿಗೆ ಆಗಲಿಲ್ಲ. ತಿರುವಾಂಕೂರಿನ ಮಹಾರಾಜರು 1936ರಲ್ಲಿ ದೇವಸ್ಥಾನಗಳನ್ನು ಎಲ್ಲ ಹಿಂದೂಗಳಿಗೂ ತೆರೆದರು. ಮೈಸೂರಿನಲ್ಲಿ ಅಂಥ ಕಾನೂನು ಬಂದದ್ದು 1948ರಲ್ಲಿ, ನಾಲ್ವಡಿಯವರು ಹೋದ ಮೇಲೆ. 1938ರಲ್ಲಿ ಗೌರಿಬಿದನೂರಿನ ಬಳಿ ವಿದುರಾಶ್ವತ್ಥದಲ್ಲಿ ಧ್ವಜ ಹಿಡಿದ ಜನರ ಮೇಲೆ ಗುಂಡು ಹಾರಿದ್ದೂ ಅವರ ಆಳ್ವಿಕೆಯಲ್ಲೇ.

ದಿವಾನರ ಆತಂಕವೂ ಪೂರ್ತಿ ಸುಳ್ಳಾಗಲಿಲ್ಲ ಎನ್ನಬೇಕು. ಒಮ್ಮೆ ಎಣಿಸಲು ಕುಳಿತರೆ ಎಲ್ಲಿ ನಿಲ್ಲಿಸಬೇಕೆಂಬುದು ಕಷ್ಟ. ಸ್ವಾತಂತ್ರ್ಯ ಬಂದ ಮೇಲೆ ಮೈಸೂರು ಸರ್ಕಾರ ಬ್ರಾಹ್ಮಣರನ್ನು ಬಿಟ್ಟು ಹೆಚ್ಚುಕಡಿಮೆ ಎಲ್ಲರನ್ನೂ ಹಿಂದುಳಿದವರೆಂದು ಕರೆಯಲು ಹೊರಟಿತು. ಎಲ್ಲರೂ ಹಿಂದುಳಿದವರಾದರೆ ಕೊನೆಯಲ್ಲಿ ಇರುವವನನ್ನು ಹುಡುಕುವುದು ಹೇಗೆ?

ವಿಶ್ವೇಶ್ವರಯ್ಯನವರು ಸಿಟ್ಟು ಸಾಧಿಸಲಿಲ್ಲ ಎಂಬುದನ್ನೂ ಹೇಳಬೇಕು. 1923ರಲ್ಲಿ ಭದ್ರಾವತಿ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿದ್ದಾಗ ರಾಜ್ಯ ಅವರನ್ನು ಕರೆಯಿತು. ಬಂದರು, 1929ರ ತನಕ ಅಧ್ಯಕ್ಷರಾಗಿ ಅದನ್ನು ಸರಿದಾರಿಗೆ ತಂದರು. ಆ ದುಡಿಮೆಗೆ ಬರಬೇಕಾಗಿದ್ದ ಹಣವನ್ನು ತಾವು ಇಟ್ಟುಕೊಳ್ಳದೆ ಹುಡುಗರಿಗೆ ಕೈಕಸುಬು ಕಲಿಸುವ ಸಂಸ್ಥೆಗೆ ಕೊಡಿಸಿದರು. ಗಂಡ ಹೆಂಡತಿ, ಅಣ್ಣ ತಮ್ಮಂದಿರು ಒಂದು ಮಾತಿಗೆ ವರ್ಷಗಟ್ಟಲೆ ಮುಖ ನೋಡದ ನಮ್ಮ ಮನೆಗಳಲ್ಲಿ ಈ ಇಬ್ಬರ ವಿಷಯ ಊಟದ ಹೊತ್ತಿಗೆ ಮಕ್ಕಳಿಗೆ ಹೇಳಬಹುದು.

ನಾಲ್ವಡಿ ಕೃಷ್ಣರಾಜರು 1940ರ ಆಗಸ್ಟ್ 3ರಂದು ಬೆಂಗಳೂರಿನ ಅರಮನೆಯಲ್ಲಿ ಕಣ್ಣು ಮುಚ್ಚಿದರು. ಆಗ ಅವರಿಗೆ 56 ವರ್ಷ. ತಮ್ಮನ ಮಗ ಜಯಚಾಮರಾಜರು ಪಟ್ಟಕ್ಕೆ ಬಂದರು. ದಿವಾನರು 1955ರಲ್ಲಿ ಭಾರತರತ್ನರಾಗಿ, ನೂರು ದಾಟಿ, 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಮೈಸೂರು ರಾಜ್ಯದಿಂದಲೇ ಹೋದ ಬಾಲಾಜಿ ಎಂಬುವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ನೂರಕ್ಕೆ 68ರಷ್ಟು ಮೀಸಲಾತಿಯನ್ನು ತಳ್ಳಿಹಾಕಿ, ಅದು ಸಾಮಾನ್ಯವಾಗಿ ನೂರಕ್ಕೆ 50ರ ಒಳಗಿರಬೇಕೆಂದಿತು. ರಾಜನ ಮಾತನ್ನೂ ದಿವಾನನ ಮಾತನ್ನೂ ಕೋರ್ಟು ಅರ್ಧರ್ಧ ಉಳಿಸಿಕೊಂಡಿತು ಎನ್ನಬಹುದೇನೋ.

ಇನ್ನು ನಮ್ಮ ಮನೆಯ ವಿಷಯ. ಆದಿ ಕ್ರೈಸ್ತರ ಕಾಲದ ಒಂದು ಘಟನೆ ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯದಲ್ಲಿದೆ. ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಎಂದು ದೂರು ಬಂತು. ನಾವೆಲ್ಲ ಒಂದೇ, ಭಾಷೆಯ ಮಾತು ಎತ್ತಬೇಡಿ ಎಂದು ಪ್ರೇಷಿತರು ಬಾಯಿ ಮುಚ್ಚಿಸಲಿಲ್ಲ. ಏಳು ಮಂದಿಯನ್ನು ಆ ಕೆಲಸಕ್ಕೆ ಆರಿಸಲು ಹೇಳಿದರು. ಆರಿಸಿ ಬಂದ ಏಳು ಜನರ ಹೆಸರುಗಳೂ ಗ್ರೀಕ್ ಹೆಸರುಗಳು. ಇದನ್ನು ಪ್ರತಿವರ್ಷ ದೇವಾಲಯದಲ್ಲಿ ಓದುತ್ತೇವೆ, ಆದರೆ ಆ ಹೆಸರುಗಳ ಮೇಲೆ ನಮ್ಮ ಗಮನ ಹೋಗುವುದು ಅಪರೂಪ.

ನಾವು ಜಾತಿಯನ್ನು ಬಿಟ್ಟಿದ್ದೇವೆ ಎಂದು ಹೇಳುತ್ತೇವೆ. ಮಗಳಿಗೆ ಗಂಡು ಹುಡುಕುವಾಗ ಮಾತ್ರ ಯಾವ ಕಡೆಯವರು, ಮೂಲ ಯಾವುದು ಎಂದು ಮೆಲ್ಲಗೆ ವಿಚಾರಿಸುತ್ತೇವೆ. ನೋಡಬಾರದ ಕಡೆ ಕಣ್ಣು ಬಿಟ್ಟು, ನೋಡಬೇಕಾದ ಕಡೆ ಮುಚ್ಚುತ್ತೇವೆ. ಧರ್ಮಸಭೆಯೊಳಗೂ ಅಸ್ಪೃಶ್ಯತೆ ಉಳಿದಿದೆ ಎಂದು ಭಾರತದ ಕ್ಯಾಥೋಲಿಕ್ ಧರ್ಮಾಧ್ಯಕ್ಷರ ಮಂಡಳಿಯೇ 2016ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡು ದಲಿತರ ಸಬಲೀಕರಣಕ್ಕೆ ಒಂದು ನೀತಿಯನ್ನು ಹೊರಡಿಸಿತು. 2022ರ ಆಗಸ್ಟ್‌ನಲ್ಲಿ ಹೈದರಾಬಾದಿನ ಮಹಾಧರ್ಮಾಧ್ಯಕ್ಷರಾದ ಅಂಥೋನಿ ಪೂಲ ಅವರು ಕಾರ್ಡಿನಲ್ ಆದಾಗ, ಮೊದಲ ದಲಿತ ಕಾರ್ಡಿನಲ್ ಎಂದು ಪತ್ರಿಕೆಗಳು ಬರೆದವು. ಕಾರ್ಡಿನಲ್ ಎಂದರೆ ಸಾಲದೇ, ದಲಿತ ಎಂಬ ಮಾತು ಯಾಕೆ ಎಂದು ಕೇಳುವವರಿಗೆ ಒಂದು ಮರುಪ್ರಶ್ನೆ: ಇಷ್ಟು ವರ್ಷ ಒಬ್ಬರೂ ಇರಲಿಲ್ಲವೆಂಬುದು ಆ ಮಾತಿಲ್ಲದೆ ನಮಗೆ ಗೊತ್ತಾಗುತ್ತಿತ್ತೇ?

ಸರ್ಕಾರದ ಲೆಕ್ಕದಲ್ಲಿ ನಮ್ಮ ಜನರ ಸ್ಥಿತಿ ಇನ್ನೂ ತೊಡಕಿನದು. 1950ರ ರಾಷ್ಟ್ರಪತಿಗಳ ಆದೇಶದಂತೆ ಪರಿಶಿಷ್ಟ ಜಾತಿಯ ಸೌಲಭ್ಯ ಹಿಂದೂಗಳಿಗೆ ಮಾತ್ರ ಎಂದಿತ್ತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ಕ್ರೈಸ್ತರನ್ನು ಸೇರಿಸಲಿಲ್ಲ. ಕ್ರೈಸ್ತನಾದವನಿಗೆ ಜಾತಿಯಿಲ್ಲವೆಂದು ಕಾನೂನು ಕಣ್ಣು ಮುಚ್ಚಿತು, ಊರು ಮುಚ್ಚಲಿಲ್ಲ. ಈ ವಿಷಯವನ್ನು ಪರಿಶೀಲಿಸಲು 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಆಯೋಗವೊಂದನ್ನು ನೇಮಿಸಿತು. ಕರ್ನಾಟಕದಲ್ಲಿ ಮಾತ್ರ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರಿಗೆ ಹಿಂದುಳಿದ ವರ್ಗಗಳ ಪಟ್ಟಿಯ ಪ್ರವರ್ಗ 1ರಲ್ಲಿ ಜಾಗ ಕೊಟ್ಟಿದ್ದಾರೆ, ಉಳಿದ ಕ್ರೈಸ್ತರು 3ಬಿಯಲ್ಲಿದ್ದಾರೆ. ನಿಮ್ಮ ಮಕ್ಕಳ ಶಾಲೆಯ ದಾಖಲೆಯಲ್ಲಿ ಯಾವುದನ್ನು ಬರೆದಿದ್ದಾರೆ ಎಂದು ತೆಗೆದು ನೋಡಿ. ಸಂಶಯವಿದ್ದರೆ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ಕಾಲೇಜಿಗೆ ಅರ್ಜಿ ಹಾಕುವ ಹಿಂದಿನ ದಿನ ಓಡಾಡುವುದಕ್ಕಿಂತ ಈಗಲೇ ಹೋಗಿ ಬರುವುದು ಒಳ್ಳೆಯದು.